ಕೇರ್ ಪ್ಲಾನ್‌ಗೆ ‘ನವೀಕರಣ’ ಸರಿಯಾದ ಪದವಾ?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ನರ್ಸ್. ನಮ್ಮಲ್ಲಿ ಮರೆವಿನ ಕಾಯಿಲೆಯವರೇ ಜಾಸ್ತಿ. ಒಬ್ಬೊಬ್ಬರಿಗೂ ಒಂದು ಕೇರ್ ಪ್ಲಾನ್ ಇದೆ: ಊಟ, ಸ್ನಾನ, ನಡಿಗೆ, ಯಾವುದು ಇಷ್ಟ, ಯಾವುದಕ್ಕೆ ಹೆದರುತ್ತಾರೆ. ಆ ಫಾರಂ ಈಗ ಕನ್ನಡಕ್ಕೆ ಬಂದಿದೆ. ಅಪ್‌ಡೇಟ್ ಮಾಡುವ ಜಾಗದಲ್ಲಿ ‘ನವೀಕರಣ ದಿನಾಂಕ’ ಅಂತ ಹಾಕಿದ್ದಾರೆ.

ನವೀಕರಣ ಅಂದ ಕೂಡಲೇ ನೆನಪಾಗುವುದು ಲೈಸೆನ್ಸ್. ಇದ್ದದ್ದೇ ಇನ್ನಷ್ಟು ದಿನ ನಡೆಯಲಿ ಅಂತ ಸೀಲು ಹೊಡೆಯುವುದು. ಇಲ್ಲೂ ಹಾಗೇ ಆಯಿತು. ಒಬ್ಬ ಅಜ್ಜಿಯ ಹಾಳೆಯಲ್ಲಿ ‘ಗಂಜಿ, ಉಪ್ಪಿನಕಾಯಿ. ತಾವೇ ಉಣ್ಣುತ್ತಾರೆ’ ಅಂತಿತ್ತು. ಮಳೆಗಾಲದಲ್ಲಿ, ಆಟಿ ತಿಂಗಳಲ್ಲಿ ಬರೆದದ್ದು. ಕೆಳಗೆ ಎರಡು ಸಲ ತಾರೀಕು, ಸಹಿ. ದೀಪಾವಳಿ ಹೊತ್ತಿಗೆ ಅಜ್ಜಿ ಗಂಜಿಯನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಕೂರುತ್ತಿದ್ದರು. ನುಂಗುವುದೇ ಮರೆತುಹೋಗಿತ್ತು. ಬದಲಿ ಡ್ಯೂಟಿಗೆ ಬಂದ ಹುಡುಗಿ ಹಾಳೆ ಓದಿ, ಬಟ್ಟಲು ಮುಂದಿಟ್ಟು ಪಕ್ಕದ ಕೋಣೆಗೆ ಹೋದಳು. ಗಂಜಿ ನೆತ್ತಿಗೆ ಹತ್ತಿ ಅಜ್ಜಿ ಒದ್ದಾಡಿಬಿಟ್ಟರು. ಹುಡುಗಿಯ ತಪ್ಪಲ್ಲ, ಅವಳು ಬರೆದದ್ದನ್ನು ನಂಬಿದಳು.

ಅಮೆರಿಕದ ನರ್ಸಿಂಗ್ ಹೋಮ್ ನಿಯಮದಲ್ಲಿ ‘ರಿವ್ಯೂ’, ‘ರಿವೈಸ್’ ಅಂತ ಎರಡು ಮಾತಿದೆ. ಕನಿಷ್ಠ 3 ತಿಂಗಳಿಗೊಮ್ಮೆ ಆ ವ್ಯಕ್ತಿಯನ್ನು ಮತ್ತೆ ನೋಡಬೇಕು, ಆಮೇಲೆ ಪ್ಲಾನ್ ತಿದ್ದಬೇಕು. ನವೀಕರಣದಲ್ಲಿ ಆ ನೋಡುವ ಕೆಲಸವೇ ಬಿಟ್ಟುಹೋಗುತ್ತದೆ.

ನಮ್ಮಲ್ಲಿ ‘ತಾಳೆ ನೋಡು’ ಇದೆ ಅಲ್ವಾ? ಅಂಗಡಿ ಲೆಕ್ಕಕ್ಕೆ ಹೇಳುವ ಮಾತು. ಹಾಳೆ ಕೈಯಲ್ಲಿ, ಅಜ್ಜಿ ಕಣ್ಣೆದುರು. ‘ತಾಳೆ ನೋಡಿದ ದಿನ’, ಪಕ್ಕದಲ್ಲಿ ‘ತಿದ್ದಿದ್ದೇನು’ ಅಂತ ಎರಡು ಕಾಲಂ ಹಾಕಿದರೆ ಹೇಗೆ? ಮನುಷ್ಯರ ವಿಷಯಕ್ಕೆ ಈ ಮಾತು ಒರಟಾಗಿ ಕೇಳುತ್ತದಾ?

ಇನ್ನೊಂದು. ಕೇರ್ ಪ್ಲಾನ್‌ಗೆ ‘ಆರೈಕೆ ಯೋಜನೆ’ ಅಂದರೆ ಸರ್ಕಾರದ ಸ್ಕೀಮ್ ಅನ್ನಿಸುತ್ತದೆ. ಮನೆಯವರೊಬ್ಬರು ಅರ್ಜಿ ಎಲ್ಲಿ ಕೊಡಬೇಕು ಅಂತ ಕೇಳಿದರು. ನಮ್ಮ ಕಡೆ ‘ಅಮ್ಮನ ಚಾಕರಿ’ ಅಂತ ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಘಟ್ಟದ ಮೇಲಿನವರಿಗೆ ಅದು ಜೀತದ ಹಾಗೆ ಕೇಳಬಹುದೇನೋ.

ಕಾಯಿಲೆಯ ಹೆಸರಿಗೆ ಯಾರೋ ‘ಅರಳುಮರಳು’ ಅಂದರು. ದಯವಿಟ್ಟು ಅದು ಬೇಡ. ತುಳುವಿನಲ್ಲಿ ‘ಮರ್ಲ್’ ಅಂದರೆ ಹುಚ್ಚು. ಫಾರಂಗೆ ಸಹಿ ಹಾಕುವ ಮಕ್ಕಳಿಗೆ ಅದೇ ಕೇಳಿಸುತ್ತದೆ.

ಕುಂದಾಪುರದ ಕಡೆಯವರು, ಘಟ್ಟದ ಮೇಲಿನವರು ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ ಅಂತ ತಿಳಿಸಿ. ಫಾರಂ ಇನ್ನೂ ಪ್ರಿಂಟಿಗೆ ಹೋಗಿಲ್ಲ.