ಮಕ್ಕಳಿಗಾಗಿ ಪ್ರಾಣಿ-ಪರಿಸರದ ಪುಸ್ತಕ ಕೊಳ್ಳುವಾಗ ಏನನ್ನು ನೋಡಬೇಕು?

ಪ್ರಶ್ನೆ: ಗ್ರಂಥಾಲಯ ಮೇಲ್ವಿಚಾರಕಿ, ರಾಣೆಬೆನ್ನೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಗ್ರಾಮ ಪಂಚಾಯಿತಿಯೊಂದರ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿಯಾಗಿದ್ದೇನೆ. ಶಾಲೆ ಬಿಟ್ಟ ಮೇಲೆ ಮೂರನೆಯ ತರಗತಿಯಿಂದ ಏಳನೆಯ ತರಗತಿಯವರೆಗಿನ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. ಕಥೆ ಪುಸ್ತಕಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಪ್ರಾಣಿ, ಪಕ್ಷಿ, ಹುಳುಹುಪ್ಪಟೆ, ಗಿಡಮರಗಳ ಬಗ್ಗೆ ನಿಜವಾದ ಮಾಹಿತಿ ಕೊಡುವ ಪುಸ್ತಕಗಳ ಕಪಾಟು ಬಹುಮಟ್ಟಿಗೆ ಖಾಲಿಯಾಗಿದೆ. ಈ ಸಲ ಪುಸ್ತಕ ಖರೀದಿಗೆ ಸ್ವಲ್ಪ ಹಣ ಒದಗಿದ್ದು, ಅದನ್ನು ಈ ಕಪಾಟಿಗೇ ಬಳಸಬೇಕೆಂದಿದ್ದೇನೆ.

ಹಿಂದೆ ಕೊಂಡಿದ್ದ ಇಂಥ ಪುಸ್ತಕಗಳ ಅನುಭವ ಅಷ್ಟೇನೂ ಚೆನ್ನಾಗಿಲ್ಲ. ದಪ್ಪ ಹೊಳಪಿನ ಕಾಗದದ ಮೇಲೆ ಸಿಂಹ, ಜಿರಾಫೆ, ಪೆಂಗ್ವಿನ್, ತಿಮಿಂಗಿಲಗಳ ಚಿತ್ರಗಳು. ಪ್ರತಿ ಪುಟದಲ್ಲೂ ಜಗತ್ತಿನಲ್ಲೇ ಅತಿ ದೊಡ್ಡದು, ಅತಿ ವೇಗದ್ದು, ಅತಿ ವಿಷಕಾರಿ ಎಂಬ ಮಾತುಗಳು. ಮಕ್ಕಳು ಮೊದಲ ದಿನ ಮುಗಿಬಿದ್ದು ನೋಡುತ್ತಾರೆ, ಆಮೇಲೆ ಅವುಗಳನ್ನು ಮುಟ್ಟುವುದೂ ಇಲ್ಲ. ನಮ್ಮ ತಾಲ್ಲೂಕಿನಲ್ಲಿ 1974ರಿಂದ ಕೃಷ್ಣಮೃಗಗಳ ಅಭಯಾರಣ್ಯವಿದ್ದು, ಗೋವಿನಜೋಳದ ಹೊಲಗಳಿಗೆ ಅವು ಹಿಂಡಾಗಿ ಬರುವುದನ್ನು ಮಕ್ಕಳು ದಿನವೂ ಕಾಣುತ್ತಾರೆ. ಐದನೆಯ ತರಗತಿಯ ಹುಡುಗನೊಬ್ಬ ಪುಸ್ತಕವನ್ನೆಲ್ಲ ತಿರುವಿಹಾಕಿ, "ನಮ್ಮ ಹೊಲಕ್ಕ ಬರೋ ಚಿಗರಿ ಇದರಾಗ ಯಾಕ ಇಲ್ರಿ ಟೀಚರ್?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಪುಸ್ತಕದ ಮಾಹಿತಿ ಸರಿಯಾಗಿದೆಯೇ ಎಂಬುದನ್ನು ವಿಜ್ಞಾನ ಓದದ ನನ್ನಂಥವರು ಕೊಳ್ಳುವ ಮೊದಲೇ ತಿಳಿಯುವುದು ಹೇಗೆ? ಪ್ರಾಣಿಗಳೇ ಮಾತನಾಡುತ್ತ ತಮ್ಮ ಬದುಕನ್ನು ಹೇಳಿಕೊಳ್ಳುವ ಪುಸ್ತಕಗಳನ್ನು ಈ ಕಪಾಟಿನಲ್ಲಿ ಇಡಬಹುದೇ, ಅಥವಾ ಕಥೆಗಳ ಜೊತೆಗೆ ಇಡಬೇಕೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಮೈಸೂರು

ಮೇಡಂ, ನಿಮ್ಮ ಕೇಂದ್ರದ ಆ ಹುಡುಗ ಕೇಳಿದ್ದರಲ್ಲಿಯೇ ಅರ್ಧ ಉತ್ತರವಿದೆ. ತಿಮಿಂಗಿಲದ ಪುಟದಲ್ಲಿ ಏನು ಬರೆದಿದ್ದರೂ ನಾವು ನಂಬಲೇಬೇಕಾಗುತ್ತದೆ, ಏಕೆಂದರೆ ಒರೆಹಚ್ಚಿ ನೋಡಲು ನಮ್ಮಲ್ಲಿ ತಿಮಿಂಗಿಲವಿಲ್ಲ. ಆದ್ದರಿಂದ ಅಂಗಡಿಯಲ್ಲಿ ಪುಸ್ತಕವನ್ನು ಕೈಗೆತ್ತಿಕೊಂಡಾಗ ನೀವು ಚಿಕ್ಕಂದಿನಿಂದ ನೋಡಿರುವ ಪ್ರಾಣಿಯ ಪುಟವನ್ನೇ ಮೊದಲು ತೆರೆಯಿರಿ. ಇರುವೆಯ ವಿಷಯದಲ್ಲಿ ತಪ್ಪಿದ ಪುಸ್ತಕ ಆನೆಯ ವಿಷಯದಲ್ಲಿ ಸರಿ ಇರುತ್ತದೆ ಎಂದು ನಂಬಲು ಕಾರಣವಿಲ್ಲ.

ಇರುವೆಯ ಚಿತ್ರವನ್ನೇ ನೋಡಿ. ಇರುವೆಯ ಆರು ಕಾಲುಗಳೂ ಹೊರಡುವುದು ನಡುವಿನ ಎದೆಭಾಗದಿಂದ. ಹಿಂದಿನ ದಪ್ಪ ಹೊಟ್ಟೆಗೆ ಕಾಲುಗಳಿರುವುದಿಲ್ಲ. ಎಷ್ಟೋ ಪುಸ್ತಕಗಳಲ್ಲಿ ಹೊಟ್ಟೆಯಿಂದಲೂ ಎರಡು ಕಾಲುಗಳನ್ನು ಬರೆದಿರುತ್ತಾರೆ. ಕಪ್ಪೆಯ ಜೀವನಚಕ್ರವಿದ್ದರೆ ಗೊದಮೊಟ್ಟೆಗೆ ಮೊದಲು ಹಿಂಗಾಲು ಹೊರಬಂದಿದೆಯೇ ಎಂದು ನೋಡಿ. ಅದರ ಬಾಲ "ಉದುರಿ ಬೀಳುತ್ತದೆ" ಎಂದು ಬರೆದಿದ್ದರೆ ಪುಸ್ತಕವನ್ನು ಅಲ್ಲಿಯೇ ಕೆಳಗಿಡಬಹುದು, ಏಕೆಂದರೆ ಬಾಲವು ನಿಧಾನವಾಗಿ ದೇಹದಲ್ಲಿಯೇ ಕರಗಿಹೋಗುತ್ತದೆ. ಮಾವಿನ ಕೊಂಬೆಯ ಮೇಲೆ ಕುಳಿತು ಕುಹೂ ಎನ್ನುವ ಕೋಗಿಲೆಗೆ ಚುಕ್ಕೆಚುಕ್ಕೆಯ ಕಂದು ಬಣ್ಣ ಬಳಿದಿದ್ದರೆ ಅದೂ ತಪ್ಪು, ಹಾಗೆ ಕೂಗುವುದು ಕಪ್ಪು ಮೈಯ ಗಂಡು. ಚಿರತೆಯ ಹೆಸರಿನಡಿ ಚೀತಾದ ಚಿತ್ರ ಹಾಕುವುದಂತೂ ತೀರ ಸಾಮಾನ್ಯವಾದ ತಪ್ಪು. ಕಣ್ಣಿನಿಂದ ಬಾಯಿಯವರೆಗೆ ಇಳಿದ ಕಪ್ಪು ಗೆರೆ ಕಂಡರೆ ಅದು ಚೀತಾ.

ಗೀಜಗದ ಗೂಡನ್ನು ಹೆಚ್ಚುಕಡಿಮೆ ಎಲ್ಲ ಪುಸ್ತಕಗಳಲ್ಲೂ ಹೊಗಳುತ್ತಾರೆ, ಮತ್ತು ಬಹಳಷ್ಟು ಕಡೆ ತಾಯಿ ಹಕ್ಕಿ ಮರಿಗಳಿಗಾಗಿ ಅದನ್ನು ನೇಯುತ್ತದೆ ಎಂದು ಬರೆಯುತ್ತಾರೆ. ವಾಸ್ತವದಲ್ಲಿ ನೇಯುವುದು ಗಂಡು. ಮಳೆಗಾಲದಲ್ಲಿ ತಲೆ ಹಳದಿಯಾದ ಗಂಡು ಹಕ್ಕಿ ಜೋಳ, ಭತ್ತ, ಕಬ್ಬಿನಂಥ ಗಿಡಗಳ ಎಲೆಗಳಿಂದ ಉದ್ದುದ್ದ ಎಳೆ ಸೀಳಿ ತಂದು, ಬಾವಿಯ ಮೇಲೆ ಬಾಗಿದ ಈಚಲು ಅಥವಾ ಜಾಲಿಯ ತುದಿಗೆ ಗೂಡನ್ನು ಅರ್ಧದವರೆಗೆ ನೇಯ್ದು ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಒಳಹೊಕ್ಕು ನೋಡಿ, ಒಪ್ಪಿದರೆ ಮಾತ್ರ ಗಂಡು ಉಳಿದರ್ಧವನ್ನೂ ಕೊಳವೆಯಂಥ ಬಾಗಿಲನ್ನೂ ಮುಗಿಸುತ್ತದೆ. ಒಪ್ಪಿಗೆಯಾಗದ ಅರೆಗೂಡುಗಳು ಹಾಗೆಯೇ ನೇತಾಡುತ್ತಿರುತ್ತವೆ, ನಿಮ್ಮ ಮಕ್ಕಳು ಅವನ್ನು ನೋಡಿಯೂ ಇರುತ್ತಾರೆ. ಇದನ್ನು ಹೇಳಿದ ಪುಸ್ತಕ ಮಗುವಿನ ಕಣ್ಣಿಗೆ ಈಗಾಗಲೇ ಬಿದ್ದಿರುವುದಕ್ಕೆ ಕಾರಣ ಕೊಡುತ್ತದೆ. ತಾಯಿಯ ಮಮತೆಯ ಕಥೆ ಕಟ್ಟಿದ ಪುಸ್ತಕ ಆ ಅರೆಗೂಡುಗಳನ್ನು ಕಾಣದಂತೆ ಮಾಡುತ್ತದೆ.

ಪುಸ್ತಕವು ಎಲ್ಲಿ ಹೋಗಿ ನೋಡಬೇಕೆಂದು ಹೇಳುತ್ತದೆಯೇ ಎಂಬುದನ್ನು ನಾನು ಇವೆಲ್ಲಕ್ಕಿಂತ ಮುಖ್ಯವಾಗಿ ಗಮನಿಸುತ್ತೇನೆ. "ಕಂಬಳಿಹುಳು ಎಲೆಗಳನ್ನು ತಿಂದು ಚಿಟ್ಟೆಯಾಗುತ್ತದೆ" ಎಂಬ ವಾಕ್ಯದಲ್ಲಿ ಸುಳ್ಳಿಲ್ಲ, ಆದರೆ ಅದನ್ನು ಓದಿದ ಮಗು ಎದ್ದು ಹೋಗಿ ಮಾಡುವುದಕ್ಕೆ ಏನೂ ಇಲ್ಲ. ಯಾವ ಚಿಟ್ಟೆಯ ಮರಿ ಯಾವ ಗಿಡವನ್ನು ತಿನ್ನುತ್ತದೆ ಎಂಬುದು ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ಹಿತ್ತಲಿನ ಕರಿಬೇವಿನ ಅಥವಾ ನಿಂಬೆಯ ಚಿಗುರೆಲೆಯ ಮೇಲೆ ಸಾಸಿವೆಗಿಂತ ಚಿಕ್ಕದಾದ ತಿಳಿಹಳದಿ ಮೊಟ್ಟೆ ಒಂಟಿಯಾಗಿ ಅಂಟಿಕೊಂಡಿರುತ್ತದೆ ಎಂದು ಬರೆದಿದ್ದರೆ ಮಗು ಅಂದೇ ಹುಡುಕಲು ಹೊರಡುತ್ತದೆ. ಅದರಿಂದ ಬಂದ ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಂದು-ಬಿಳಿ ಬಣ್ಣದಲ್ಲಿದ್ದು, ಬೆಳೆದ ಮೇಲೆ ಎಲೆಯಷ್ಟೇ ಹಸಿರಾಗುತ್ತದೆ. ಕಡ್ಡಿಯಿಂದ ಮೆಲ್ಲಗೆ ತಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದು ಚಾಚಿ ಘಾಟುವಾಸನೆ ಬಿಡುತ್ತದೆ. ಗಿಡದ ಹೆಸರು, ಕಾಲ, ಎಲೆಯ ಮೇಲಿನ ಜಾಗ ಇಷ್ಟನ್ನೂ ಹೇಳಿದ ಪುಸ್ತಕ ಕಪ್ಪು-ಬಿಳುಪಿನಲ್ಲಿ ಮುದ್ರಣವಾಗಿದ್ದರೂ ಕೊಳ್ಳಿ.

ಮಾತನಾಡುವ ಪ್ರಾಣಿಗಳ ಬಗ್ಗೆ ನನ್ನ ಅಭಿಪ್ರಾಯ ಕಟ್ಟುನಿಟ್ಟಾದುದು. ಅವುಗಳ ಜಾಗ ಪಂಚತಂತ್ರದ ಪಕ್ಕದಲ್ಲಿ.

ಉತ್ತರ: ಪ್ರಾಥಮಿಕ ಶಾಲಾ ಶಿಕ್ಷಕಿ, ಸಾಗರ

ಉಪನ್ಯಾಸಕರ ಉಳಿದೆಲ್ಲ ಮಾತುಗಳನ್ನು ಒಪ್ಪುತ್ತೇನೆ, ಆದರೆ ಕೊನೆಯದು ನಲಿಕಲಿ ತರಗತಿಯಲ್ಲಿ ಎಂದೂ ಕುಳಿತಿರದವರ ಮಾತು ಎಂದು ಹೇಳಿದರೆ ಸರ್ ಅವರು ಬೇಸರಿಸಬಾರದು. ಆರೇಳು ವರ್ಷದ ಮಗುವಿಗೆ ಗೊದಮೊಟ್ಟೆ ತಾನಾಗಿಯೇ "ನನಗೆ ಈಗ ಹಿಂಗಾಲು ಬಂದಿದೆ" ಎಂದು ಹೇಳಿದರೆ ಮಾಹಿತಿಗೆ ಯಾವ ಧಕ್ಕೆಯೂ ಆಗುವುದಿಲ್ಲ. ಗೊದಮೊಟ್ಟೆ ಮಾತನಾಡುವುದಿಲ್ಲ ಎಂಬುದು ಮಗುವಿಗೂ ಗೊತ್ತು. ಮಗುವಿಗೆ ಪತ್ತೆಯಾಗದ ಸುಳ್ಳು ಬೇರೆಯೇ ಇದೆ. ಎತ್ತರದ ಎಲೆಗಳನ್ನು ತಿನ್ನಬೇಕೆಂದು ಬಯಸಿ ಜಿರಾಫೆ ಕತ್ತು ಉದ್ದ ಮಾಡಿಕೊಂಡಿತು, ಕಾಗೆಗೆ ಮೋಸ ಮಾಡಬೇಕೆಂದು ಕೋಗಿಲೆ ಯೋಚಿಸಿತು, ಹುಲಿ ಕ್ರೂರಿ, ಜಿಂಕೆ ಸಾಧು ಎಂದು ಗಂಭೀರವಾದ ದನಿಯಲ್ಲಿ ಬರೆದ ಪುಸ್ತಕಗಳಲ್ಲಿ ಪ್ರಾಣಿಗಳು ಒಂದು ಮಾತನ್ನೂ ಆಡುವುದಿಲ್ಲ, ಆದರೂ ಅವು ಮಕ್ಕಳ ತಲೆಯಲ್ಲಿ ಬಿತ್ತುವ ತಪ್ಪು ತಿಳಿವಳಿಕೆಯನ್ನು ಹೈಸ್ಕೂಲಿನವರೆಗೂ ಕೀಳಲಾಗುವುದಿಲ್ಲ. ಎರಡನೆಯ ತರಗತಿಯವರೆಗಿನ ಮಕ್ಕಳಿಗೆ ಮಾತನಾಡುವ ಪ್ರಾಣಿ ಇರಲಿ. ಅದು ಆಡುವ ಮಾತು ನಿಜವಾಗಿದ್ದರೆ ಸಾಕು.

ಇನ್ನೊಂದು ವಿಷಯ. ಪುಸ್ತಕದ ಕೊನೆಯಲ್ಲಿ ಅಕಾರಾದಿಯಾಗಿ ಪದಸೂಚಿ ಇದೆಯೇ ನೋಡಿ. ಇಂಥ ಪುಸ್ತಕಗಳನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಬೇಕಾಗಿಲ್ಲ. ಬೇಕಾದದ್ದನ್ನು ಹುಡುಕಿ ತೆಗೆಯುವುದೂ ಓದೇ ಎಂದು ಮಕ್ಕಳಿಗೆ ಅಲ್ಲಿ ಅಭ್ಯಾಸವಾಗುತ್ತದೆ. ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಇದು ಅಪರೂಪವಾಗಿರುವುದು ವಿಷಾದದ ಸಂಗತಿ.

ಉತ್ತರ: ಪ್ರಕಾಶನ ಸಂಸ್ಥೆಯೊಂದರ ಸಂಪಾದಕ, ಬೆಂಗಳೂರು

ಚಿಗರಿ ಏಕಿಲ್ಲ ಎಂಬುದಕ್ಕೆ ನಮ್ಮ ಕಡೆಯ ಕಾರಣವನ್ನೂ ಹೇಳಬೇಕು. ಬಣ್ಣದ ಚಿತ್ರಗಳನ್ನು ಹೊಸದಾಗಿ ಬರೆಯಿಸಿ ಅಥವಾ ಛಾಯಾಚಿತ್ರಗಳನ್ನು ಕೊಂಡು ಪುಸ್ತಕ ಮಾಡುವುದು ಬಹಳ ದುಬಾರಿ. ಆದ್ದರಿಂದ ಬೇರೆ ದೇಶದಲ್ಲಿ ತಯಾರಾದ ಪುಸ್ತಕವನ್ನು ಹಲವು ಭಾಷೆಗಳಲ್ಲಿ ಒಟ್ಟಿಗೆ ಮುದ್ರಿಸುವ ಪದ್ಧತಿಯಿದೆ. ಬಣ್ಣದ ಚಿತ್ರಗಳು ಎಲ್ಲ ಭಾಷೆಗಳಿಗೂ ಒಂದೇ ಆಗಿದ್ದು, ಕಪ್ಪು ಅಕ್ಷರಗಳ ಪ್ಲೇಟನ್ನು ಮಾತ್ರ ಬದಲಾಯಿಸಲಾಗುತ್ತದೆ. ಹೀಗೆ ಬಂದ ಪುಸ್ತಕದಲ್ಲಿ ಚಿತ್ರವನ್ನು ಒಂದಿಷ್ಟೂ ಬದಲಾಯಿಸುವಂತಿಲ್ಲ, ಮತ್ತು ಒತ್ತಕ್ಷರಗಳಿಗೆ ಹೆಚ್ಚು ಜಾಗ ಬೇಡುವ ಕನ್ನಡ ಬರಹವನ್ನು ಇಂಗ್ಲಿಷಿಗೆ ಬಿಟ್ಟಿದ್ದ ಚೌಕದಲ್ಲಿಯೇ ತುರುಕಬೇಕಾಗುತ್ತದೆ. ಆಗ ಮೊದಲು ಕತ್ತರಿ ಬೀಳುವುದು ವಿವರಣೆಗೆ. ಉಳಿಯುವುದು ನೀವು ಹೇಳಿದ ಅತಿ ದೊಡ್ಡದು, ಅತಿ ವೇಗದ್ದು ಎಂಬ ಸಾಲುಗಳು.

ಋತುಗಳ ಅಧ್ಯಾಯವನ್ನು ತೆರೆದರೆ ಇಂಥ ಪುಸ್ತಕ ಸಿಕ್ಕಿಬೀಳುತ್ತದೆ. ಹಿಮ ಸುರಿಯುತ್ತಿದ್ದು ಕಪ್ಪೆಗಳು ಚಳಿಗಾಲದುದ್ದಕ್ಕೂ ಮಲಗಿದ್ದರೆ ಅದು ಯುರೋಪಿನ ಕಪ್ಪೆ. ನಮ್ಮ ಬಯಲುಸೀಮೆಯ ಕಪ್ಪೆಗಳು ಬೇಸಿಗೆಯ ಒಣಹವೆಗೆ ಮಣ್ಣಿನಡಿ ಸೇರಿ, ಮುಂಗಾರಿನ ಮೊದಲ ಮಳೆಗಳಿಗೆ ಹೊರಬಂದು ವಟಗುಟ್ಟುತ್ತವೆ.

ಕಡಿಮೆ ಖರ್ಚಿನ ದಾರಿಗಳಿವೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಬೆಲೆ ಇಂದಿಗೂ ಕೈಗೆಟಕುವಂತಿದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಪುಸ್ತಕಗಳು ಮುಕ್ತ ಪರವಾನಗಿಯಲ್ಲಿ ಸಿಗುವುದರಿಂದ, ನಿಮ್ಮ ಕೇಂದ್ರದ ಮುದ್ರಕದಲ್ಲಿಯೇ ಅಚ್ಚುಹಾಕಿ ಹೊಲಿದಿಡಬಹುದು. ದೊಡ್ಡ ಮಕ್ಕಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ "ಬಾಲ ವಿಜ್ಞಾನ" ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಸಿಕ್ಕರೂ ಬಿಡಬೇಡಿ.

ಮತ್ತೆ ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಶಿಕ್ಷಕಿಯವರು ಹೇಳಿದಂತೆ ಚಿಕ್ಕ ಮಕ್ಕಳ ಸಾಲನ್ನು ಬೇರೆಯಾಗಿಯೇ ಇಡುತ್ತೇನೆ. ಒಂದು ಸಂದೇಹ ಉಳಿಯಿತು. ನಿವೃತ್ತ ಶಿಕ್ಷಕರೊಬ್ಬರ ಮನೆಯವರು ಅವರ ಹಳೆಯ ಪುಸ್ತಕಗಳನ್ನು ನಮಗೆ ಕೊಟ್ಟಿದ್ದಾರೆ. ಪ್ರಾಣಿಗಳ ಬಗ್ಗೆ, ಹಾವುಗಳ ಬಗ್ಗೆ ಬಹಳ ಚೆನ್ನಾದ ಕನ್ನಡದಲ್ಲಿ ಬರೆದವು ಅದರಲ್ಲಿವೆ, ಆದರೆ ಕೆಲವು ನಾನು ಹುಟ್ಟುವುದಕ್ಕೂ ಮೊದಲಿನವು. ಇವನ್ನು ಮಕ್ಕಳಿಗೆ ಕೊಡಬಹುದೇ?

ಉತ್ತರ: ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಮೈಸೂರು

ಸಾಗರದ ಮೇಡಂ ಅವರ ಜಿರಾಫೆಯ ಮಾತು ನನಗೆ ಒಪ್ಪಿಗೆಯಾಗಿದೆ. ಗೊದಮೊಟ್ಟೆಯ ವಿಷಯದಲ್ಲಿ ನನ್ನ ಹಟವನ್ನು ಉಳಿಸಿಕೊಳ್ಳುತ್ತೇನೆ.

ಹಳೆಯ ಪುಸ್ತಕಗಳನ್ನು ಖಂಡಿತ ಇಡಿ. ಶಿವರಾಮ ಕಾರಂತರು ಮಕ್ಕಳಿಗಾಗಿ "ಬಾಲಪ್ರಪಂಚ"ದ ಮೂರು ಸಂಪುಟಗಳನ್ನು ಹೊರತಂದದ್ದು 1930ರ ದಶಕದಲ್ಲಿ, ಮತ್ತು ಕನ್ನಡದಲ್ಲಿ ಇಂಥ ಬರವಣಿಗೆಗೆ ಎಷ್ಟು ಹಿಂದಿನ ಬೇರಿದೆ ಎಂಬುದು ನಿಮ್ಮ ಮಕ್ಕಳಿಗೂ ತಿಳಿಯಲಿ. ಪ್ರಾಣಿಯ ಅಂಗರಚನೆ, ಆಹಾರ, ಗೂಡು, ಮರಿಗಳ ವಿವರಗಳು ಐವತ್ತು ವರ್ಷಗಳಲ್ಲಿ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಎಲ್ಲಿವೆ, ಎಷ್ಟಿವೆ ಎಂಬ ಲೆಕ್ಕ. ಆದ್ದರಿಂದ ಮುದ್ರಣದ ವರ್ಷವನ್ನು ರಕ್ಷಾಪುಟದ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಸತ್ತ ದನವಿದ್ದಲ್ಲೆಲ್ಲ ರಣಹದ್ದುಗಳು ಗುಂಪಾಗಿ ಇಳಿಯುತ್ತವೆ ಎಂಬ ಸಾಲು ಅದನ್ನು ಬರೆದಾಗ ನಿಜವಾಗಿತ್ತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಹಾಳುಮಾಡಿ, 1990ರ ದಶಕದಿಂದ ಅವು ರಾಶಿರಾಶಿಯಾಗಿ ಸತ್ತವು. ದನಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು, ನಮ್ಮಲ್ಲಿ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಹುಲಿಗಳ ವಿಷಯದಲ್ಲಿ ಇದಕ್ಕೆ ವಿರುದ್ಧವಾಗಿದೆ. 2006ರ ಗಣತಿಯಲ್ಲಿ ದೇಶದಲ್ಲಿ 1,411 ಎಂದು ಅಂದಾಜಾಗಿದ್ದ ಹುಲಿಗಳು 2022ರ ಗಣತಿಯಲ್ಲಿ 3,682 ಆಗಿದ್ದು, ಕರ್ನಾಟಕದಲ್ಲಿಯೇ 563 ಇದ್ದವು. ಭಾರತದಲ್ಲಿ ಚೀತಾ ಇಲ್ಲ ಎಂಬ ಮಾತೂ 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದ ಚೀತಾಗಳು ಮಧ್ಯಪ್ರದೇಶದ ಕೂನೋ ರಾಷ್ಟ್ರೀಯ ಉದ್ಯಾನಕ್ಕೆ ಬಂದ ಮೇಲೆ ಹಳತಾಯಿತು. ಆರು, ಏಳನೆಯ ತರಗತಿಯ ಮಕ್ಕಳಿಗೆ ಹಳೆಯ ಪುಸ್ತಕವನ್ನೂ ಹೊಸದನ್ನೂ ಒಟ್ಟಿಗೆ ಕೊಟ್ಟು, ಯಾವ ಸಾಲು ಈಗ ಸಲ್ಲುವುದಿಲ್ಲ ಎಂದು ಹುಡುಕಲು ಹೇಳಿ.

ಹಾವಿನ ಪುಸ್ತಕಗಳನ್ನು ಮಾತ್ರ ನೀವೇ ಮೊದಲು ಪೂರ್ತಿ ಓದಬೇಕು. ಕೇರೆಹಾವು ನಾಗರಹಾವಿನ ಗಂಡು, ಹಾವು ಹಾಲು ಕುಡಿಯುತ್ತದೆ ಎಂಬಂಥವು ಕಂಡರೆ ಅಂಚಿನಲ್ಲಿ ತಿದ್ದಿ ಬರೆದರೆ ಸಾಕು. ಆದರೆ ಕಚ್ಚಿದ ಜಾಗದ ಮೇಲ್ಭಾಗಕ್ಕೆ ಬಿಗಿಯಾಗಿ ಹಗ್ಗ ಕಟ್ಟಿ, ಬ್ಲೇಡಿನಿಂದ ಕೊಯ್ದು, ರಕ್ತ ಹೀರಿ ಉಗುಳಬೇಕು ಎಂಬ ಪ್ರಥಮ ಚಿಕಿತ್ಸೆಯ ಪುಟ ಹಳೆಯ ಪುಸ್ತಕಗಳಲ್ಲಿ ಇರುವ ಸಂಭವ ಹೆಚ್ಚು. ಇವುಗಳಲ್ಲಿ ಯಾವುದನ್ನೂ ಮಾಡಬಾರದು. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಿಸದೆ, ತಡಮಾಡದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಮ್ಮ ಮಕ್ಕಳು ಹೊಲದಲ್ಲಿ ಓಡಾಡುವವರು, ಪುಸ್ತಕದಲ್ಲಿ ಓದಿದ್ದನ್ನು ಮಾಡಿಯೇಬಿಡುತ್ತಾರೆ. ಅಂಥ ಪುಟವಿರುವ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಆ ಪುಟದ ಮೇಲೆ ಸರಿಯಾದ ಮಾಹಿತಿಯ ಹಾಳೆಯನ್ನು ಪೂರ್ತಿ ಅಂಟಿಸಿದ ನಂತರವೇ ಕಪಾಟಿಗೆ ಸೇರಿಸಿ.