ಸಹಾಯ ಬೇಕು: ಬ್ರಿಟನ್ನಿನಲ್ಲಿ ಶಿಕ್ಷೆಯಾದ ತಮ್ಮನ ಗಡೀಪಾರು ವಿಚಾರ

ಗುಂಪಿನ ಎಲ್ಲರಿಗೂ ನಮಸ್ಕಾರ.

ಒಂಬತ್ತು ವರ್ಷಗಳಿಂದ ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ, ಪರಿಚಿತರೊಬ್ಬರು ಕೊಟ್ಟ ಸೂಟ್‌ಕೇಸನ್ನು ಒಯ್ದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಹಪ್ಪಳದ ಪೊಟ್ಟಣಗಳ ಕೆಳಗೆ ಗಾಂಜಾ ಇತ್ತು. ಅನುಮಾನವಿದ್ದೂ ಹಣದಾಸೆಗೆ ತಂದೆನೆಂದು ಅವನೇ ಒಪ್ಪಿಕೊಂಡಿದ್ದಾನೆ, ನಾನು ಅದನ್ನು ಸಮರ್ಥಿಸುವುದಿಲ್ಲ. ಅಲ್ಲಿ ಗಾಂಜಾ ಬಿ ವರ್ಗದ ಮಾದಕವಸ್ತು, ಆಮದಿಗೆ ಗರಿಷ್ಠ ಶಿಕ್ಷೆ 14 ವರ್ಷ. ತೂಕವನ್ನೂ ಅವನ ಪಾತ್ರವನ್ನೂ ಅಳೆದ ನ್ಯಾಯಾಲಯ, ಮೊದಲ ಹಂತದಲ್ಲೇ ತಪ್ಪೊಪ್ಪಿಕೊಂಡದ್ದಕ್ಕೆ ರಿಯಾಯಿತಿ ನೀಡಿ, 30 ತಿಂಗಳು ವಿಧಿಸಿದೆ.

ಶಿಕ್ಷೆಗಿಂತ ನಮ್ಮನ್ನು ಕಂಗೆಡಿಸಿರುವುದು ಅದರ ಬೆನ್ನಲ್ಲೇ ಬಂದ ಗಡೀಪಾರು ನೋಟಿಸು. ಅಲ್ಲಿನ 2007ರ ಗಡಿ ಕಾಯ್ದೆಯ ಪ್ರಕಾರ 12 ತಿಂಗಳು ಅಥವಾ ಹೆಚ್ಚಿನ ಸೆರೆವಾಸವಾದ ವಿದೇಶಿಯರನ್ನು, ವಿನಾಯಿತಿಗೆ ಒಳಪಡದಿದ್ದರೆ, ಗಡೀಪಾರು ಮಾಡಲೇಬೇಕು. ಅವನ ಹೆಂಡತಿ, ಮಗಳು ಇಬ್ಬರೂ ಬ್ರಿಟಿಷ್ ಪ್ರಜೆಗಳು. ಶಿಕ್ಷೆ ನಾಲ್ಕು ವರ್ಷಕ್ಕಿಂತ ಕಡಿಮೆಯಿರುವುದರಿಂದ, ಗಡೀಪಾರಿನ ಪರಿಣಾಮ ಅವರ ಮೇಲೆ ಅತಿಯಾದ ಕಠೋರವಾಗುತ್ತದೆಂದು ಸಾಬೀತುಪಡಿಸಿದರೆ ಉಳಿಯುವ ದಾರಿಯಿದೆ. ಆದರೆ ಅಗಲಿಕೆಯ ಸಹಜ ನೋವಷ್ಟೇ ಸಾಲದಂತೆ. ಐದು ವರ್ಷದ ಮಗಳು ದಿನಾ ಸಂಜೆ ಅಪ್ಪನ ಚಪ್ಪಲಿಗಳನ್ನು ಬಾಗಿಲ ಬಳಿ ಜೋಡಿಸಿಡುತ್ತಾಳೆ. ಇಂಥದ್ದನ್ನು ನ್ಯಾಯಮಂಡಳಿಯ ಮುಂದೆ ಸಾಕ್ಷ್ಯವಾಗಿ ಇಡುವುದು ಹೇಗೆ?

ಇಂಥ ಮೇಲ್ಮನವಿಯನ್ನು ನಡೆಸಿದವರಿದ್ದರೆ, ಶಾಲೆಯ ಪತ್ರ, ಮಕ್ಕಳ ಮನಃಶಾಸ್ತ್ರಜ್ಞರ ವರದಿ ಇವುಗಳಲ್ಲಿ ಯಾವುದು ನಿಜಕ್ಕೂ ತೂಕ ಪಡೆಯಿತೆಂದು ದಯವಿಟ್ಟು ತಿಳಿಸಿ. ಗಡೀಪಾರು ಪ್ರಕರಣಗಳಲ್ಲಿ ಪಳಗಿದ, ಸಾಧ್ಯವಾದರೆ ಕನ್ನಡ ಬಲ್ಲ ವಕೀಲರು ಗೊತ್ತಿದ್ದರೆ ಖಾಸಗಿಯಾಗಿ ಬರೆಯಿರಿ. ಗಡೀಪಾರಿನ ನಿರ್ಧಾರವನ್ನು ಕಳುಹಿಸಿದ ದಿನದಿಂದ ಮೇಲ್ಮನವಿಗೆ ಸಿಗುವುದು ಕೇವಲ 14 ದಿನ.