‘ಪುಲ್ ರಿಕ್ವೆಸ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕೋಡ್ ಬರೆಯದವರೂ ಓಪನ್ ಸೋರ್ಸ್ (ಯಾರು ಬೇಕಾದರೂ ಮೂಲ ಕೋಡ್ ನೋಡಿ, ಬದಲಿಸಬಹುದಾದ) ತಂತ್ರಾಂಶಗಳ ಕೈಪಿಡಿಗಳನ್ನು ತಿದ್ದಲು ಅನುಕೂಲವಾಗಲಿ ಅಂತ ಒಂದು ಚಿಕ್ಕ ಬರಹ ಸಿದ್ಧ ಮಾಡುತ್ತಿದ್ದೇನೆ. ‘ಪುಲ್ ರಿಕ್ವೆಸ್ಟ್’, ಅಂದರೆ ನಾವು ಮಾಡಿದ ಬದಲಾವಣೆಯನ್ನು ಸೇರಿಸಿಕೊಳ್ಳಿ ಅಂತ ಕೇಳುವುದು, ಅದಕ್ಕೆ ಕನ್ನಡ ಪದ ಸಿಗದೆ ನಿಂತುಬಿಟ್ಟಿದ್ದೇನೆ.

ಈ ಪದ ಯಾಕೆ ಮುಖ್ಯ ಅಂದರೆ, ನನ್ನ ಗೆಳತಿಯೊಬ್ಬಳು ಕೈಪಿಡಿಯೊಂದರಲ್ಲಿ ತಪ್ಪು ಕಂಡುಹಿಡಿದಳು. ‘ಸೇವ್ ಒತ್ತಿ’ ಅಂತ ಬರೆದಿತ್ತು, ಆದರೆ ಆ ಗುಂಡಿಯ ಹೆಸರು ಬದಲಾಗಿತ್ತು. ಆ ಕೈಪಿಡಿ ಇದ್ದ ಗಿಟ್‌ಹಬ್ ತಾಣದಲ್ಲಿ ಪೆನ್ಸಿಲ್ ಗುರುತು ಒತ್ತಿ ತಿದ್ದಿದಳು. ಕೊನೆಗೆ ‘ಕ್ರಿಯೇಟ್ ಪುಲ್ ರಿಕ್ವೆಸ್ಟ್’ ಅಂತ ಕಂಡಕೂಡಲೇ ಪುಟ ಮುಚ್ಚಿಬಿಟ್ಟಳು. ‘ಇದು ಕೋಡ್ ಬರೆಯೋರಿಗೆ ಇರಬೇಕು ಅಂದುಕೊಂಡೆ’ ಅಂದಳು. ಎಲ್ಲ ಕೆಲಸ ಮುಗಿದಿತ್ತು, ಒಂದು ಹೆಸರು ತಡೆಯಿತು. ನನಗೆ ತುಂಬಾ ಬೇಜಾರಾಯಿತು.

ಅರ್ಥ ಕಷ್ಟದ್ದೇನಲ್ಲ. ಮೂಲವನ್ನು ನೇರವಾಗಿ ಬದಲಿಸುವ ಅನುಮತಿ ಇಲ್ಲದವರಿಗೆ ಅವರ ಖಾತೆಯಲ್ಲೇ ಒಂದು ಪ್ರತಿ ತಯಾರಾಗುತ್ತದೆ. ಅದರಲ್ಲಿ ತಿದ್ದಿ, ‘ಇದನ್ನು ಮೂಲಕ್ಕೆ ಸೇರಿಸಿಕೊಳ್ಳಿ’ ಅಂತ ಕೇಳಬೇಕು, ಅಷ್ಟೇ. ‘ಪುಲ್’ ಅಂದರೆ ಎಳೆಯುವುದು. ಹಾಗಾದರೆ ಎಳೆಯುವವರು ಯಾರು? ಕೇಳಿದವರಲ್ಲ, ಪ್ರಾಜೆಕ್ಟ್ ನೋಡಿಕೊಳ್ಳುವವರು. ಗಿಟ್‌ಹಬ್‌ನ ಹಿಂದಿರುವ, 2005ರಲ್ಲಿ ಬಂದ ಗಿಟ್ ಅನ್ನುವ ತಂತ್ರಾಂಶದಲ್ಲಿ ಬೇರೆಯವರ ಬದಲಾವಣೆಯನ್ನು ತಮ್ಮ ಕಡೆಗೆ ತಂದುಕೊಳ್ಳುವ ಕಮಾಂಡಿನ ಹೆಸರೇ ‘ಪುಲ್’. ಗಿಟ್‌ಹಬ್‌ನಂಥದ್ದೇ ಇನ್ನೊಂದು ತಾಣವಾದ ಗಿಟ್‌ಲ್ಯಾಬ್ ಪುಲ್ ರಿಕ್ವೆಸ್ಟನ್ನೇ ‘ಮರ್ಜ್ ರಿಕ್ವೆಸ್ಟ್’ (ಕೂಡಿಸಿಕೊಳ್ಳುವ ಕೋರಿಕೆ) ಅನ್ನುತ್ತದೆ. ಹೊಸಬರಿಗೆ ಅದೇ ಬೇಗ ಹಿಡಿಯುತ್ತದೆ ಅನಿಸುತ್ತದೆ.

ಈಗ ಕನ್ನಡ. ‘ಎಳೆಯುವ ಕೋರಿಕೆ’ ಅಂದರೆ ಯಾರಿಗೂ ಏನೂ ತಿಳಿಯಲ್ಲ. ‘ವಿಲೀನ ವಿನಂತಿ’ ಅರ್ಥಕ್ಕೆ ಸರಿ, ಆದರೆ ವಿಲೀನ ಅಂದಕೂಡಲೇ ಬ್ಯಾಂಕು, ಪಕ್ಷಗಳೇ ನೆನಪಾಗುತ್ತವೆ. ಒಂದು ಕಾಗುಣಿತ ತಿದ್ದಿದವರಿಗೆ ಅಷ್ಟು ದೊಡ್ಡ ಮಾತು ಬೇಕಾ? ‘ತಿದ್ದುಪಡಿ’ ಚೆನ್ನಾಗಿದೆ, ಕಾನೂನಿನ ವಾಸನೆ ಸ್ವಲ್ಪ ಜಾಸ್ತಿ. ಅಲ್ಲದೆ ಹೊಸ ಅಧ್ಯಾಯವನ್ನೇ ಬರೆದು ಕಳಿಸಿದರೆ ಅದು ತಿದ್ದುಪಡಿ ಆಗಲ್ಲ, ಅಲ್ವಾ?

ನನ್ನ ಒಲವು ‘ಸೇರ್ಪಡೆ ಕೋರಿಕೆ’ ಕಡೆಗೆ. ‘ನಿನ್ನೆ ಒಂದು ಸೇರ್ಪಡೆ ಕೋರಿಕೆ ಕಳಿಸಿದ್ದೇನೆ, ನೋಡಿ’ ಅಂತ ಹೇಳಿ ನೋಡಿದೆ, ನಾಲಿಗೆಗೆ ತೊಡಕಿಲ್ಲ. ಪರದೆಯ ಮೇಲೆ ಇಂಗ್ಲಿಷ್ ಹೆಸರೇ ಕಾಣುವುದರಿಂದ ಮೊದಲ ಸಲ ಎರಡನ್ನೂ ಜೊತೆಯಲ್ಲಿ ಬರೆಯುತ್ತೇನೆ.

ಡಾಕ್ಯುಮೆಂಟೇಶನ್‌ಗೆ ‘ದಸ್ತಾವೇಜು’ ಬಿಟ್ಟು ‘ಕೈಪಿಡಿ’ ಇಟ್ಟುಕೊಂಡಿದ್ದೇನೆ. ದಸ್ತಾವೇಜು ಅಂದರೆ ಆಸ್ತಿಪತ್ರದ ನೆನಪಾಗುತ್ತದೆ.

ನನಗೆ ಉಳಿದ ಅನುಮಾನ ಒಂದೇ. ಹಳೆಯ ಸಾಲೊಂದನ್ನು ಬರೀ ಅಳಿಸಿ ಕಳಿಸಿದರೆ ಅದನ್ನೂ ‘ಸೇರ್ಪಡೆ’ ಅನ್ನಬಹುದಾ? ಸೇರುವುದು ಬದಲಾವಣೆ, ಸಾಲಲ್ಲ ಅಂತ ನಾನು ವಾದ ಮಾಡಬಲ್ಲೆ. ಆದರೆ ಮೊದಲ ಸಲ ಓದುವವರ ಕಿವಿಗೆ ಅದು ಹೇಗೆ ಕೇಳಿಸುತ್ತದೆ? ಇದಕ್ಕಿಂತ ಹಗುರವಾದ ಪದ ನಿಮ್ಮಲ್ಲಿ ಯಾರಾದರೂ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.